ಪುಟ್ಟಕ್ಕನಿಗೂ ಮುಂಚಿನ ಉಮಾಶ್ರೀ: ಎಲ್ಲಿಂದ ನೋಡಲು ಶುರು ಮಾಡಲಿ?

ರಾತ್ರಿಪಾಳಿ

ನಮಸ್ಕಾರ ಎಲ್ಲರಿಗೂ. ಮೊದಲೇ ಹೇಳಿಬಿಡುತ್ತೇನೆ, ಹಳೇ ಕನ್ನಡ ಸಿನಿಮಾ ವಿಷಯದಲ್ಲಿ ನಾನು ಪೂರ್ತಿ ದಡ್ಡ. ವಯಸ್ಸು 26. ಕೆಲಸ ರಾತ್ರಿ ಪಾಳಿ. ಸಂಜೆ ಎದ್ದು ಕಾಫಿ ಕುಡಿಯುವ ಹೊತ್ತಿಗೆ ಅಜ್ಜಿ ಟಿವಿ ಮುಂದೆ ಕೂತಿರುತ್ತಾರೆ, ನಾನೂ ಪಕ್ಕದಲ್ಲಿ ಕೂರುತ್ತೇನೆ. ಹಾಗೇ ಎರಡು ವರ್ಷ 'ಪುಟ್ಟಕ್ಕನ ಮಕ್ಕಳು' ನೋಡಿದ್ದಾಯಿತು. ಕತೆ ಎಷ್ಟೋ ಕಡೆ ರಬ್ಬರ್ ಥರ ಎಳೆಯುತ್ತದೆ, ಅದು ಬಿಡಿ. ಆದರೆ ಆ ಪುಟ್ಟಕ್ಕ ಇದ್ದಾರಲ್ಲ, ಅವರು ಬಂದ ತಕ್ಷಣ ನನ್ನ ಮೊಬೈಲ್ ಕೆಳಗೆ ಹೋಗುತ್ತಿತ್ತು.

ಒಂದು ದೃಶ್ಯ ಇನ್ನೂ ಕಣ್ಣಲ್ಲಿದೆ. ಮಗಳಿಗೆ ಜೋರಾಗಿ ಬೈಯುತ್ತಿದ್ದಾರೆ. ಬೈಯುತ್ತಲೇ ಸೆರಗಿನ ತುದಿಯಿಂದ ಪಾತ್ರೆಯ ಅಂಚು ಒರೆಸುತ್ತಿದ್ದಾರೆ. ಬೈಗುಳ ಮುಗಿಯಿತು, ಮಗಳು ಅಳುತ್ತಾ ಒಳಗೆ ಹೋದಳು, ಕ್ಯಾಮೆರಾ ಇನ್ನೂ ಇವರ ಮೇಲೇ ಇತ್ತು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ಅಷ್ಟೇ. ನನಗೆ ನಮ್ಮಮ್ಮ ನೆನಪಾದರು.

ಮೊನ್ನೆ ಊರಿಂದ ಸೋದರಮಾವ ಬಂದಿದ್ದರು. ಟಿವಿ ನೋಡಿ, "ಅಯ್ಯೋ, ನಮ್ಮ ಕಾಲದ ಡಬಲ್ ಮೀನಿಂಗ್ ಉಮಾಶ್ರೀ ಅಲ್ವಾ ಇವರು, ಈಗ ಎಲ್ಲರನ್ನೂ ಅಳಿಸ್ತಾ ಕೂತಿದ್ದಾರಾ" ಅಂತ ನಕ್ಕರು. ಅಜ್ಜಿಗೆ ಸಿಟ್ಟು ಬಂತು. "ಆಯಮ್ಮಂಗೆ ರಾಷ್ಟ್ರಪ್ರಶಸ್ತಿ ಬಂದಿದೆ ಕಣೋ" ಅಂದರು. ಮಾವ "ಅದೆಲ್ಲ ಆಮೇಲಿಂದು ಬಿಡಮ್ಮ" ಅಂದರು. ಊಟದ ತನಕ ಇದೇ ಜಗಳ.

ನನ್ನ ಪ್ರಶ್ನೆ ಇಷ್ಟೇ. ಅವರು ಮೊದಲು ಕಾಮಿಡಿ ಮಾಡುತ್ತಿದ್ದವರು, ಆಮೇಲೆ ಬದಲಾಗಿ 'ಸೀರಿಯಸ್' ನಟಿ ಆದರಾ? ಯಾವಾಗ ಆದರು? ಪುಟ್ಟಕ್ಕ ಬಿಟ್ಟು ಏನೂ ನೋಡದ ನಾನು ಎಲ್ಲಿಂದ ಶುರು ಮಾಡಲಿ? ಗೂಗಲ್ ಮಾಡು ಅನ್ನಬೇಡಿ ದಯವಿಟ್ಟು, ಮಾಡಿದ್ದೇನೆ, ಉದ್ದ ಪಟ್ಟಿ ಬರುತ್ತದೆ, ಅದರಲ್ಲಿ ತಲೆಬುಡ ಗೊತ್ತಾಗುವುದಿಲ್ಲ.

ಬಾಲ್ಕನಿ ಟಿಕೆಟ್

ನಿಮ್ಮ ಮಾವ ನನ್ನ ವಯಸ್ಸಿನವರೇ ಇರಬೇಕು. ಅವರು ಹೇಳಿದ್ದು ಸುಳ್ಳಲ್ಲ. ಅರ್ಧ ಮಾತ್ರ ಹೇಳಿದ್ದಾರೆ.

1984ರಲ್ಲಿ ಕಾಶೀನಾಥ್ ಅವರ 'ಅನುಭವ' ಬಂತು. ಆಗ ನಾನು ಕಾಲೇಜು. ಮನೆಯಲ್ಲಿ ಸ್ಪೆಷಲ್ ಕ್ಲಾಸ್ ಇದೆ ಅಂತ ಹೇಳಿ ಹೋಗಿ ನೋಡಿದ ಸಿನಿಮಾ ಅದು, ಥಿಯೇಟರ್‌ನಲ್ಲಿ ಯಾರಾದರೂ ಗುರುತಿನವರು ಸಿಕ್ಕರೆ ಏನು ಮಾಡುವುದು ಅಂತ ಇಂಟರ್ವಲ್‌ನಲ್ಲಿ ಹೊರಗೇ ಬರಲಿಲ್ಲ. ಅದರಲ್ಲಿ ಉಮಾಶ್ರೀ ಮಾಡಿದ ಪಾತ್ರ ಆ ಕಾಲದ ನಾಯಕಿಯರು ಯಾರೂ ಮುಟ್ಟುತ್ತಿರಲಿಲ್ಲ. ಅವರು ಮುಟ್ಟಿದರು. ಸಿನಿಮಾ ಓಡಿತು. ಮುಗಿಯಿತು ಕತೆ. ಆಮೇಲೆ ಬಂದವರಿಗೆಲ್ಲ ಅಂಥದ್ದೇ ಬೇಕು.

ಆಗಿನ ಹಾಸ್ಯ ಹೇಗಿರುತ್ತಿತ್ತು ಅಂದರೆ, ಹೀರೋ ಹೀರೋಯಿನ್ ಕತೆ ಒಂದು ಕಡೆ ನಡೆಯುತ್ತಿರುತ್ತದೆ, ಅದಕ್ಕೆ ಸಂಬಂಧವೇ ಇಲ್ಲದ ಕಾಮಿಡಿ ಟ್ರ್ಯಾಕ್ ಇನ್ನೊಂದು ಕಡೆ. ಅದನ್ನು ಬರೆಯುವುದೂ ಬೇರೆ, ಎಷ್ಟೋ ಸಲ ಚಿತ್ರೀಕರಣವೂ ಬೇರೆ. ಮೂರು ದಿನದ ಕಾಲ್‌ಶೀಟ್, ಒಂದು ಮನೆ, ಒಂದು ಬಾವಿಕಟ್ಟೆ, ಒಬ್ಬ ಹೊಟ್ಟೆಕಿಚ್ಚಿನ ಗಂಡ. ಎನ್.ಎಸ್. ರಾವ್ ಮತ್ತು ಉಮಾಶ್ರೀ ಜೋಡಿ ಅಂದರೆ ವಿತರಕರಿಗೆ ಧೈರ್ಯ. ಹಾಡು ಬಂದಾಗ ಸಿಗರೇಟಿಗೆ ಎದ್ದು ಹೋಗುವ ಜನ ಇವರು ಬಂದಾಗ ಏಳುತ್ತಿರಲಿಲ್ಲ. ಸಂಭಾಷಣೆ ಕೆಲವು ಕಡೆ ನಿಜಕ್ಕೂ ಕೊಳಕು, ಈಗ ಮಕ್ಕಳ ಜೊತೆ ಕೂತು ನೋಡೋಕೆ ಆಗಲ್ಲ. ಆದರೆ ಬರೆದವರು ಯಾರು, ಬರೆಸಿದವರು ಯಾರು, ಶಿಳ್ಳೆ ಹೊಡೆದವರು ಯಾರು? ನಾವೇ ಹೊಡೆದದ್ದು. ಹೆಸರು ಕೆಟ್ಟದ್ದು ಮಾತ್ರ ಆಯಮ್ಮಂದು. ಅದೇ ಮಾತಿಗೆ ಎದುರು ಮಾತು ಹೇಳಿದ ಗಂಡಸು ನಟರನ್ನು 'ಹಾಸ್ಯ ಚಕ್ರವರ್ತಿ' ಅಂತ ಕರೆದೆವು.

ಇನ್ನು 'ಪುಟ್ನಂಜ'. 1995. ಇದನ್ನು ನೀವು ನೋಡಲೇಬೇಕು, ಮಾವನನ್ನೂ ಕೂರಿಸಿಕೊಂಡು. ರವಿಚಂದ್ರನ್ ಹೀರೋ, ಆ ಹೀರೋನ ಅಜ್ಜಿ ಪುಟ್ಮಲ್ಲಿಯಾಗಿ ಉಮಾಶ್ರೀ. ಈಗ ಲೆಕ್ಕ ಹಾಕಿ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ, ಉಮಾಶ್ರೀ 1957ರಲ್ಲಿ. ನಾಲ್ಕೇ ವರ್ಷದ ವ್ಯತ್ಯಾಸ. 38ರ ಹೆಂಗಸು 34ರ ಹೀರೋಗೆ ಅಜ್ಜಿ! ನಮ್ಮ ಚಿತ್ರರಂಗದಲ್ಲಿ ಇದು ಹೊಸದಲ್ಲ, ಆದರೆ ಇಲ್ಲಿ ವಿಶೇಷ ಏನು ಅಂದರೆ ಥಿಯೇಟರ್‌ನಲ್ಲಿ ಒಬ್ಬರಿಗೂ ಅದು ತಲೆಗೆ ಬರಲಿಲ್ಲ. ನಾನು ಎರಡು ಸಲ ನೋಡಿದೆ, ಎರಡು ಸಲವೂ ನಮ್ಮೂರಿನ ಯಾವುದೋ ಮುದುಕಿಯನ್ನು ಹಿಡಿದು ತಂದಿದ್ದಾರೆ ಅನ್ನಿಸಿತು. ಬಿಳಿ ಕೂದಲು ಅಂಟಿಸಿಕೊಂಡ ಮಾತ್ರಕ್ಕೆ ಮುದುಕಿ ಆಗುವುದಿಲ್ಲ, ಕೂತವರು ಏಳುವಾಗ ಮುದುಕಿ ಥರ ಏಳಬೇಕು.

ಪರದೆ ಹಗ್ಗ

@ಬಾಲ್ಕನಿ ಟಿಕೆಟ್, ಕೊನೇ ಸಾಲು ಒಪ್ಪಿದೆ. ಅಲ್ಲಿಂದಲೇ ನನ್ನದು ಶುರು.

ರಾತ್ರಿಪಾಳಿಯವರೇ, "ಮೊದಲು ಕಾಮಿಡಿ, ಆಮೇಲೆ ಸೀರಿಯಸ್" ಅನ್ನುವ ಲೆಕ್ಕವೇ ತಪ್ಪು. ಅದು ಸಿನಿಮಾ ಮಾತ್ರ ನೋಡಿದವರ ಲೆಕ್ಕ. ನಾನು ಬೆಂಗಳೂರಿನ ಹವ್ಯಾಸಿ ತಂಡಗಳಲ್ಲಿ ಬಹಳ ವರ್ಷ ಬ್ಯಾಕ್‌ಸ್ಟೇಜ್ ಮಾಡಿದವನು. ಪರದೆ ಎಳೆದಿದ್ದೇನೆ, ಲೈಟು ಹಿಡಿದಿದ್ದೇನೆ, ಚಹಾ ತಂದಿದ್ದೇನೆ. ನಟನೆ ಒಂದು ಬಿಟ್ಟು ಎಲ್ಲ ಮಾಡಿದ್ದೇನೆ ಅನ್ನಿ. ನಮಗೆ ಉಮಾಶ್ರೀ ಅಂದರೆ ಸಾಕವ್ವ. ಪುಟ್ಮಲ್ಲಿ ಆಮೇಲೆ.

ದೇವನೂರ ಮಹಾದೇವ ಅವರ 'ಒಡಲಾಳ' ಗೊತ್ತಿರಬಹುದು. ಅದನ್ನು ಸಿಜಿಕೆ, ಅಂದರೆ ಸಿ.ಜಿ. ಕೃಷ್ಣಸ್ವಾಮಿ, ರಂಗಕ್ಕೆ ತಂದರು. ಸಾಕವ್ವ ಅದರ ಮುದುಕಿ. ಅವಳ ಹುಂಜ ಕಳೆದುಹೋಗಿದೆ. ಕತೆ ಶುರುವಾಗುವುದೇ ಅಲ್ಲಿ. ಹುಂಜ ಹುಡುಕುತ್ತಾಳೆ, ಊರವರನ್ನೆಲ್ಲ ಶಪಿಸುತ್ತಾಳೆ, ತನ್ನ ಮಕ್ಕಳ ಮೇಲೇ ಅನುಮಾನ ಪಡುತ್ತಾಳೆ. ರಾತ್ರಿ ಮಗ ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ಸುತ್ತ ಕೂತು ತಿನ್ನುತ್ತದೆ. ಬೆಳಗ್ಗೆ ಪೊಲೀಸರು ಬರುತ್ತಾರೆ. ಇಷ್ಟೇ.

ಇದರಲ್ಲಿ ನಗು ಎಲ್ಲಿ, ಅಳು ಎಲ್ಲಿ ಅಂತ ಗೆರೆ ಎಳೆಯಿರಿ ನೋಡೋಣ. ಹುಂಜಕ್ಕಾಗಿ ಸಾಕವ್ವ ಶಾಪ ಹಾಕುವಾಗ ಕಲಾಕ್ಷೇತ್ರದಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ಸೈಡ್ ವಿಂಗ್‌ನಲ್ಲಿ ನಿಂತು ನೋಡುತ್ತಿದ್ದೆ, ಹಾಗಾಗಿ ನನಗೆ ಜನರ ಮುಖವೂ ಕಾಣುತ್ತಿತ್ತು, ಉಮಾಶ್ರೀ ಅವರ ಪಕ್ಕೆಯೂ ಕಾಣುತ್ತಿತ್ತು. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಒಂದು ಶಾಪದ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಜನ ನಗುತ್ತಿರುವಾಗಲೇ ದನಿ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಿತ್ತು. ನಗು ತಾನಾಗಿ ನಿಲ್ಲುತ್ತಿತ್ತು. ಯಾರೂ ಹೇಳಿಕೊಡಬೇಕಿರಲಿಲ್ಲ.

ಇನ್ನೊಂದು ವಿಷಯ. ಉಮಾಶ್ರೀ ತುಮಕೂರು ಜಿಲ್ಲೆಯವರು, ತಿಪಟೂರು ತಾಲೂಕಿನ ನೊಣವಿನಕೆರೆ. ಸಾಕವ್ವನ ಮಾತು ನಂಜನಗೂಡು, ಚಾಮರಾಜನಗರ ಕಡೆಯದ್ದು. ಎರಡಕ್ಕೂ ಎಷ್ಟು ದೂರ ಅಂತ ಆ ಕಡೆಯವರನ್ನೇ ಕೇಳಿ.

ಹಾಗಾಗಿ ಬಾವಿಕಟ್ಟೆಯ ಪಕ್ಕ ನಿಂತು ಡಬಲ್ ಮೀನಿಂಗ್ ಹೇಳಿದರಲ್ಲ, ಅದೂ ಇದೇ ಸಾಕವ್ವನ ಗಂಟಲೇ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಬೇಕಿತ್ತು, ರಂಗಭೂಮಿಯಲ್ಲಿ ಚಪ್ಪಾಳೆ ಸಿಗುತ್ತದೆ, ಬಾಡಿಗೆ ದುಡ್ಡು ಸಿಗುವುದಿಲ್ಲ. ಸಿನಿಮಾದವರು ಕೊಟ್ಟದ್ದನ್ನು ಮಾಡಿದರು. ಅಷ್ಟೇ ಅಲ್ಲ, ಚೆನ್ನಾಗಿ ಮಾಡಿದರು. ಹೇಗೋ ಮಾಡಿ ಮುಗಿಸಿ ಹೋಗಬಹುದಿತ್ತು.

ಸಿನಿಮಾದಲ್ಲೂ ನಿಮ್ಮ ಮಾವನ 'ಆಮೇಲೆ' ನಿಲ್ಲುವುದಿಲ್ಲ. 'ಪುಟ್ನಂಜ' 1995. ಅದಕ್ಕೆ ಒಂದು ವರ್ಷ ಮುಂಚೆ 'ಕೊಟ್ರೇಶಿ ಕನಸು', ಕುಂ. ವೀರಭದ್ರಪ್ಪ ಅವರ ಕತೆ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನ. ಅದರಲ್ಲೂ ಇವರಿದ್ದಾರೆ. ಆ ಚಿತ್ರದ ಪುಟ್ಟ ಹುಡುಗ ವಿಜಯ ರಾಘವೇಂದ್ರನಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಒಂದೇ ಹೊತ್ತಿನಲ್ಲಿ ಎರಡೂ ನಡೆಯುತ್ತಿತ್ತು ಕಣ್ರೀ.

ಕೋಡಿ ಕಡಲು

ಹ್ವಾಯ್, 'ಗುಲಾಬಿ ಟಾಕೀಸು' ಬಗ್ಗೆ ಯಾರೂ ಇನ್ನೂ ಬರೆದಿಲ್ಲ, ಹಾಗಾಗಿ ಕುಂದಾಪುರದ ಲೆಕ್ಕದಲ್ಲಿ ನಾನೇ ಬರೆಯುತ್ತೇನೆ. ರಾಷ್ಟ್ರಪ್ರಶಸ್ತಿ ಬಂದದ್ದು ಇದಕ್ಕೆ. 2008ರ ಚಿತ್ರ, ಗಿರೀಶ್ ಕಾಸರವಳ್ಳಿ ಅವರದ್ದು, ಮೂಲ ವೈದೇಹಿ ಅವರ ಸಣ್ಣಕತೆ. ವೈದೇಹಿ ನಮ್ಮೂರವರೇ.

ಗುಲಾಬಿ ಸೂಲಗಿತ್ತಿ. ಮೀನುಗಾರರ ಕೇರಿಯಲ್ಲಿ ಒಬ್ಬಳೇ ಇರುವ ಮುಸ್ಲಿಂ ಹೆಂಗಸು. ಗಂಡ ಮೂಸ ಇನ್ನೊಂದು ಸಂಸಾರ ಮಾಡಿಕೊಂಡು ಬೇರೆ ಇದ್ದಾನೆ. ಇವಳಿಗೆ ಸಿನಿಮಾ ಹುಚ್ಚು. ದೋಣಿ ದಾಟಿ ಪೇಟೆಗೆ ಹೋಗಿ ಟಾಕೀಸಿನಲ್ಲಿ ಕೂತರೆ ಮುಗಿಯಿತು, ಹೆರಿಗೆಗೆ ಕರೆದರೂ ಏಳುವುದಿಲ್ಲ. ಅಂಥವಳನ್ನು ಒಂದು ಕಷ್ಟದ ಹೆರಿಗೆಗೆ ಎಬ್ಬಿಸಿಕೊಂಡು ಹೋಗುತ್ತಾರೆ, ಅದರ ಋಣಕ್ಕೆ ಮನೆಗೆ ಬಣ್ಣದ ಟಿವಿ ಬರುತ್ತದೆ, ಮೇಲೆ ಡಿಶ್ ಆಂಟೆನಾ. ಕೇರಿಯ ಹೆಂಗಸರೆಲ್ಲ ಅವಳ ಮನೆಗೆ ಬರತೊಡಗುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ, ಕೆಲವರು ಹೊಸ್ತಿಲಾಚೆಯೇ ನಿಂತು ನೋಡುತ್ತಾರೆ, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಗಿಲ್ ಯುದ್ಧದ ಕಾಲ. ಕಡಲಲ್ಲಿ ದೊಡ್ಡ ಬೋಟಿನವರು, ಸಣ್ಣ ದೋಣಿಯವರ ಜಗಳ. ಎಲ್ಲ ಸೇರಿ ಎಲ್ಲಿಗೆ ಹೋಗುತ್ತದೆ ಅಂತ ನೋಡಿ, ಕೊನೆ ನಾನು ಹೇಳುವುದಿಲ್ಲ.

ಭಾಷೆ ಬಗ್ಗೆ ಪ್ರಾಮಾಣಿಕವಾಗಿ ಹೇಳುತ್ತೇನೆ. ನಮ್ಮಮ್ಮ ಮೊದಲ ಅರ್ಧ ಗಂಟೆ ಪರೀಕ್ಷೆ ಪೇಪರ್ ತಿದ್ದುವ ಥರ ಕೂತಿದ್ದರು. ಕುಂದಾಪ್ರ ಕನ್ನಡ ಹೊರಗಿನವರ ಬಾಯಲ್ಲಿ ಬಂದರೆ ನಮಗೆ ತಕ್ಷಣ ಗೊತ್ತಾಗುತ್ತದೆ, ಅಕ್ಷರ ಸರಿ ಇದ್ದರೂ ರಾಗ ತಪ್ಪಿರುತ್ತದೆ. ಎರಡು ಮೂರು ಕಡೆ ಅಮ್ಮ "ಹಂಗಲ್ಲ" ಅಂದರು. ಆಮೇಲೆ ಸುಮ್ಮನಾದರು. ಯಾಕೆ ಸುಮ್ಮನಾದರು ಅಂದರೆ, ಗುಲಾಬಿ ಟಿವಿ ನೋಡುತ್ತಾ ಕೂತ ದೃಶ್ಯಗಳು ಬರತೊಡಗಿದವು. ಆಗ ಮಾತಿನ ಕೆಲಸ ಇರುವುದಿಲ್ಲ, ಬರೀ ಮುಖ. ಟಿವಿಯ ಬೆಳಕು ಮುಖದ ಮೇಲೆ ಆಡುತ್ತದೆ, ಬಾಯಿ ಸ್ವಲ್ಪ ತೆರೆದಿರುತ್ತದೆ. ಅಮ್ಮ ನೋಡುತ್ತಿದ್ದದ್ದು ಗುಲಾಬಿಯನ್ನು, ನಾನು ನೋಡುತ್ತಿದ್ದದ್ದು ಅಮ್ಮನನ್ನು, ಅವರ ಬಾಯಿಯೂ ಅಷ್ಟೇ ತೆರೆದಿತ್ತು.

ಅಂದ ಹಾಗೆ ಕನ್ನಡ ಚಿತ್ರದ ಪಾತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಎಷ್ಟು ಜನಕ್ಕೆ ಬಂದಿದೆ ಅಂದುಕೊಂಡಿದ್ದೀರಿ? ಮೊದಲು 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ಅದು 1973ರದ್ದು. ಬಹಳ ವರ್ಷದ ನಂತರ 'ಹಸೀನಾ' ಚಿತ್ರಕ್ಕೆ ತಾರಾ. ಆಮೇಲೆ ಉಮಾಶ್ರೀ. ಬೆರಳು ಮಡಚಿ ಎಣಿಸುವಷ್ಟೂ ಇಲ್ಲ. 'ಹಸೀನಾ' ಕೂಡ ಕಾಸರವಳ್ಳಿ ಅವರದ್ದೇ, ಬಾನು ಮುಷ್ತಾಕ್ ಅವರ ಕತೆ.

ಟಿವಿ ಆಫ್

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಬ್ಬ ಸ್ವಲ್ಪ ಕಹಿ ಹೇಳುತ್ತೇನೆ, ಬೇಜಾರಾಗಬೇಡಿ.

ಗುಲಾಬಿ ಮಾಡಿದವರು, ಸಾಕವ್ವ ಮಾಡಿದವರು, ದಿನಾ ಸಂಜೆ ಮೂರು ಹೆಣ್ಣುಮಕ್ಕಳ ಹೆತ್ತ ತಾಯಿಯಾಗಿ ಕಣ್ಣೀರು ಹಾಕಬೇಕಿತ್ತಾ? ಒಂದು ಮುಖಕ್ಕೆ ಮೂರು ಸಲ ಝೂಮ್, ಮೂರು ಸಲ ಢಂ ಢಂ ಅಂತ ಸದ್ದು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ, ಹೆಂಡತಿ ಮೆಸ್ ನಡೆಸಿ ಮಕ್ಕಳನ್ನು ಸಾಕಿದಳು. ಒಳ್ಳೇ ಕತೆ, ನೂರು ಸಂಚಿಕೆಗೆ ಮುಗಿಸಿದ್ದರೆ. ಎಳೆದು ಎಳೆದು ಅದರಲ್ಲಿ ಅವರ ಶಕ್ತಿ ಸುಮ್ನೆ ಸೋರಿಹೋಯಿತು ಅನ್ನುವುದು ನನ್ನ ಅಭಿಪ್ರಾಯ. ನಾನು ಮೊದಲ ಎರಡು ತಿಂಗಳು ನೋಡಿ ಬಿಟ್ಟೆ.

ಕಂಟಿನ್ಯೂಟಿ

@ಟಿವಿ ಆಫ್, ಬಿಟ್ಟದ್ದು ನಿಮ್ಮ ಇಷ್ಟ. ಆದರೆ ಸೀರಿಯಲ್‌ನಲ್ಲಿ ಅಳುವುದು ಸುಲಭದ ಕೆಲಸ ಅನ್ನುವ ಹಾಗೆ ಬರೆದಿದ್ದೀರಿ, ಅದಕ್ಕೆ ಉತ್ತರ ಕೊಡದೆ ಇರಲಾರೆ. ನಾನು ಸೀರಿಯಲ್‌ಗಳಲ್ಲಿ ಸಹಾಯಕ ನಿರ್ದೇಶಕನಾಗಿ ಆರು ವರ್ಷ ದುಡಿದವನು. (ಪುಟ್ಟಕ್ಕ ಅಲ್ಲ, ಬೇರೆ. ಕೊನೆಯದ್ದರಲ್ಲಿ ನಾಲ್ಕು ತಿಂಗಳ ಸಂಬಳ ಬರಲೇ ಇಲ್ಲ, ಆ ಕತೆ ಇನ್ನೊಂದು ದಿನ.)

ದಿನಾ ಪ್ರಸಾರ ಆಗುವ ಸೀರಿಯಲ್ ಅಂದರೆ ದಿನಕ್ಕೆ ಇಪ್ಪತ್ತು ಚಿಲ್ಲರೆ ನಿಮಿಷದ ಸರಕು ಬೇಕು, ವಾರಪೂರ್ತಿ. ಬ್ಯಾಂಕಿಂಗ್ ಇದ್ದರೆ, ಅಂದರೆ ನಾಲ್ಕಾರು ಸಂಚಿಕೆ ಮುಂದಾಗಿ ತಯಾರಿದ್ದರೆ, ಪುಣ್ಯ. ಇಲ್ಲದಿದ್ದರೆ ಬೆಳಗ್ಗೆ ಸೀನ್ ಪೇಪರ್ ಬರುತ್ತದೆ, ಶಾಯಿ ಒಣಗುವ ಮುಂಚೆ ಶೂಟ್. ಕತೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಅಡುಗೆಮನೆಯಲ್ಲಿ ನಡೆಯುವುದೆಲ್ಲ ಒಂದೇ ದಿನ. ಬೆಳಗ್ಗೆ 10ಕ್ಕೆ ಮಗಳ ಮದುವೆ ಖುಷಿ, 11ಕ್ಕೆ ಅದೇ ಒಲೆಯ ಪಕ್ಕ ಸಾವಿನ ಸುದ್ದಿ, ಮಧ್ಯೆ ಸೀರೆ ಬದಲಾವಣೆಗೆ ಹತ್ತು ನಿಮಿಷ. ಸಂಭಾಷಣೆ ಬಾಯಿಪಾಠ ಮಾಡುವಷ್ಟು ಹೊತ್ತಿಲ್ಲ ಅಂತ ನಮ್ಮಂಥವರು ಕ್ಯಾಮೆರಾ ಹಿಂದೆ ನಿಂತು ಪ್ರಾಂಪ್ಟ್ ಮಾಡುತ್ತೇವೆ. ಹೊಸ ಹುಡುಗ ಹುಡುಗಿಯರು ಅದನ್ನು ಕೇಳಿಸಿಕೊಳ್ಳುವ ಒಂದು ಕ್ಷಣ ಕಣ್ಣು ಖಾಲಿ ಆಗುತ್ತದೆ. ಗಮನಿಸಿ ನೋಡಿ, ಗೊತ್ತಾಗುತ್ತದೆ. ರಂಗಭೂಮಿಯಿಂದ ಬಂದವರ ಕಣ್ಣು ಖಾಲಿ ಆಗುವುದಿಲ್ಲ. ಆ ಕ್ಷಣಕ್ಕೆ ಅವರು ಕೈಗೆ ಏನಾದರೂ ಕೆಲಸ ಕೊಟ್ಟಿರುತ್ತಾರೆ. ಬಟಾಣಿ ಸುಲಿಯುತ್ತಾರೆ, ಸೆರಗು ಸಿಕ್ಕಿಸುತ್ತಾರೆ, ಪಾತ್ರೆ ಒರೆಸುತ್ತಾರೆ.

ರಾತ್ರಿಪಾಳಿಯವರು ಬರೆದ ಆ ಪಾತ್ರೆ ಒರೆಸುವ ದೃಶ್ಯ ಓದಿ ನನಗೆ ನಗು ಬಂತು. ಪೇಪರ್‌ನಲ್ಲಿ ಅದು ಇರುವುದೇ ಇಲ್ಲ. "ಪುಟ್ಟಕ್ಕ ಬೈಯುತ್ತಾಳೆ. ಮಗಳು ಹೋಗುತ್ತಾಳೆ. ಪುಟ್ಟಕ್ಕ ನೊಂದುಕೊಳ್ಳುತ್ತಾಳೆ" ಅಂತ ಮೂರು ಸಾಲು ಇರುತ್ತದೆ ಅಂತ ಬೇಕಾದರೆ ಬೆಟ್ ಕಟ್ಟುತ್ತೇನೆ.

ಇನ್ನು 2021ರ ಡಿಸೆಂಬರ್‌ನಲ್ಲಿ ಅದು ಶುರುವಾದಾಗ ಅವರಿಗೆ 64 ವಯಸ್ಸು. ಆ ವಯಸ್ಸಿನ ಹೆಂಗಸನ್ನು ಕತೆಯ ನಡುಮಧ್ಯೆ ನಿಲ್ಲಿಸಿ, ಅವರ ಹೆಸರಿನಲ್ಲೇ ಸೀರಿಯಲ್ ಮಾಡಿ, ಅದನ್ನು ಟಿಆರ್‌ಪಿಯಲ್ಲಿ ಮೇಲಕ್ಕೆ ಏರಿಸಿದ್ದು ಸಣ್ಣ ವಿಷಯ ಅಲ್ಲ. ನಿರ್ದೇಶಕ ಆರೂರು ಜಗದೀಶ್ ಅವರಿಗೂ ಅದರಲ್ಲಿ ಪಾಲು ಇದೆ. ಸಾಮಾನ್ಯವಾಗಿ ಆ ವಯಸ್ಸಿಗೆ ನಮ್ಮಲ್ಲಿ ಸಿಗುವುದು ಸೋಫಾದ ಮೂಲೆ, ಕೈಗೊಂದು ಜಪಮಾಲೆ.

ಟಿವಿ ಆಫ್

ಸರಿ ಸಾರ್, ಜಪಮಾಲೆ ಮಾತಿಗೆ ಸೋತೆ. ಆದರೆ ಢಂ ಢಂ ಸದ್ದಿನ ಬಗ್ಗೆ ನನ್ನ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ.

ಕಂಟಿನ್ಯೂಟಿ

ಅದು ಎಡಿಟಿಂಗ್‌ನವರ ತಪ್ಪು, ನಮ್ಮದಲ್ಲ 😄

ಮಗ್ಗದ ಮನಿ

ನಮ್ಮ ಕಡಿಂದ ಒಂದು ಮಾತು. ನಾನು ಬನಹಟ್ಟಿಯವ. ರಬಕವಿ-ಬನಹಟ್ಟಿ ಅಂದರೆ ನೇಕಾರರ ಊರು, ಬೀದಿಯಲ್ಲಿ ನಡೆದರೆ ಮಗ್ಗದ ಸದ್ದು ಕೇಳಿಸುತ್ತದೆ. ನಮ್ಮದು ತೇರದಾಳ ಕ್ಷೇತ್ರ. ಉಮಾಶ್ರೀ ಇಲ್ಲಿ 2008ರಲ್ಲಿ ನಿಂತು ಸೋತರು, 2013ರಲ್ಲಿ ಗೆದ್ದರು, 2018ರಲ್ಲಿ ಮತ್ತೆ ಸೋತರು. ಗೆದ್ದಾಗ ಮಂತ್ರಿಯಾದರು, ಮಹಿಳಾ ಮತ್ತು ಮಕ್ಕಳ ಕಲ್ಯಾಣದ ಜೊತೆ ಕನ್ನಡ ಮತ್ತು ಸಂಸ್ಕೃತಿ ಖಾತೆ. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣ ಆದರು. ಅಂದರೆ ಪುಟ್ಟಕ್ಕ ನಡೆಯುತ್ತಿದ್ದಾಗಲೇ.

ಮಂತ್ರಿಯಾಗಿ ಹೇಗೆ ಕೆಲಸ ಮಾಡಿದರು ಅನ್ನುವುದಕ್ಕೆ ಇಲ್ಲಿ ಒಂದೊಂದು ಓಣಿಯಲ್ಲಿ ಒಂದೊಂದು ಉತ್ತರ ಸಿಗುತ್ತದೆ, ಆ ಜಗಳ ಈ ಥ್ರೆಡ್‌ಗೆ ಬೇಡ. ನನಗೆ ನೆನಪಿರುವುದು ಪ್ರಚಾರಕ್ಕೆ ಬಂದಾಗಿನ ಒಂದು ಸಂಗತಿ. ಜನ ಬಂದದ್ದು ಪುಟ್ಮಲ್ಲಿ ನೋಡಲಿಕ್ಕೆ. ನಮ್ಮ ಅವ್ವ, ಕಾಕಿ, ಓಣಿಯ ಹೆಣ್ಣಮಕ್ಕಳೆಲ್ಲ. "ಒಂದ ಡೈಲಾಗ್ ಹೇಳ್ರಿ ಅಕ್ಕಾರ" ಅಂತ ಹಿಂದಿನಿಂದ ಯಾರೋ ಕೂಗಿದರು. ವಯಸ್ಸಾದ ಒಬ್ಬ ಅಜ್ಜಿ ಮುಂದೆ ಬಂದು, ಗಲ್ಲ ಹಿಡಿದು, ಮುಖ ತಿರುಗಿಸಿ ತಿರುಗಿಸಿ ನೋಡಿ, "ಇಷ್ಟ ಸಣ್ಣಾಕಿ ಅದೀಯಲ್ಲ ಯವ್ವಾ" ಅಂದಳು. ಅವಳು ಮುದುಕಿಯನ್ನು ನೋಡಲಿಕ್ಕೆ ಬಂದಿದ್ದಳು! ಬಾಲ್ಕನಿ ಟಿಕೆಟ್ ಅವರ ಲೆಕ್ಕ ಓದಿ ಅದು ನೆನಪಾಯಿತು.

ಕೊಬ್ಬರಿ ಮಂಡಿ

ತಿಪಟೂರಿನವನು ನಾನು, ನೊಣವಿನಕೆರೆ ಹತ್ತಿರದಲ್ಲೇ. ಗುಬ್ಬಿ ಕಂಪನಿ ಹುಟ್ಟಿದ್ದೂ ಇದೇ ಜಿಲ್ಲೆಯಲ್ಲಿ, ನಾಟಕದ ಹುಚ್ಚು ನಮ್ಮ ಕಡೆ ಮಣ್ಣಲ್ಲೇ ಇದೆ. ಈಗಲೂ ಹಬ್ಬ ಜಾತ್ರೆ ಮುಗಿದ ಮೇಲೆ ಊರವರೇ ಸೇರಿ 'ಕುರುಕ್ಷೇತ್ರ' ಆಡುತ್ತಾರೆ. ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರು ಕಲಿಸುತ್ತಾರೆ. ದುರ್ಯೋಧನ ಪಾತ್ರಕ್ಕೆ ಜಾಸ್ತಿ ದುಡ್ಡು ಕೊಟ್ಟವನು ದುರ್ಯೋಧನ.

ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಊರ ಹೆಣ್ಣುಮಕ್ಕಳನ್ನು ಸ್ಟೇಜ್ ಹತ್ತಿಸುವುದಿಲ್ಲ ನಾವು. ಅವರು ಬರುವುದು ನಾಟಕದ ದಿನ ಸಂಜೆ ಬಸ್ಸಿಗೆ. ರಿಹರ್ಸಲ್ ಗಿಹರ್ಸಲ್ ಏನೂ ಇಲ್ಲ. ರಾತ್ರಿಯಿಡೀ ದ್ರೌಪದಿ, ರುಕ್ಮಿಣಿ ಎರಡೂ ಅವರೇ. ನಮ್ಮ ದುರ್ಯೋಧನ ಪದ್ಯ ಮರೆತರೆ ದ್ರೌಪದಿಯೇ ಎತ್ತಿಕೊಟ್ಟು ದಡ ಸೇರಿಸುತ್ತಾಳೆ. ಬೆಳಗ್ಗೆ ಮೊದಲ ಬಸ್ಸಿಗೆ ಹೋಗುವಾಗ ಅದೇ ಊರಿನವರು ಅವರ ಬಗ್ಗೆ ಏನು ಮಾತಾಡುತ್ತಾರೆ ಅಂತ ಕೇಳಿಸಿಕೊಂಡಿದ್ದೇನೆ, ಇಲ್ಲಿ ಬರೆಯಲು ಆಗುವುದಿಲ್ಲ.

ಉಮಾಶ್ರೀ ಬೆಂಗಳೂರಿನ ರಂಗಭೂಮಿಯಲ್ಲಿ ಬೆಳೆದವರು, ಅವರ ದಾರಿ ಬೇರೆ. ಆದರೆ ಬಣ್ಣ ಹಚ್ಚುವ ಹೆಂಗಸು ಅಂದರೆ ಊರಿನ ಕಣ್ಣು ಇದೇ ಅಲ್ವಾ. ನಿಮ್ಮ ಮಾವ ನಕ್ಕ ನಗುವಿನಲ್ಲೂ ಅದು ಸ್ವಲ್ಪ ಇತ್ತು ಅನ್ನಿಸಿತು, ತಪ್ಪು ತಿಳಿಯಬೇಡಿ.

ಶರಾವತಿ ದಂಡೆ

ಒಂದು ಸಣ್ಣ ಸೇರ್ಪಡೆ. 2024ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಆಟದಲ್ಲಿ ಉಮಾಶ್ರೀ ಮಂಥರೆ ಮಾಡಿದರು. ಯಕ್ಷಗಾನ! ಅವರಿಗೆ ಆಗ 66. ನಮ್ಮಲ್ಲಿ ಯಕ್ಷಗಾನ ಅಂದರೆ ಎಲ್ಲರೂ ವಿಮರ್ಶಕರೇ. "ಸಿನಿಮಾದವರಿಗೆ ತಾಳ ಗೊತ್ತುಂಟಾ" ಅಂತ ಹೋಟೆಲಿನಲ್ಲಿ ಮೊದಲೇ ಚರ್ಚೆ ಶುರುವಾಗಿತ್ತು. ನುರಿತ ವೇಷದವರ ಎದುರು ಹೆಜ್ಜೆಯಲ್ಲಿ ಸಮ ಬರಲು ಸಾಧ್ಯವಿಲ್ಲ, ಅದು ವರ್ಷಗಟ್ಟಲೆ ಗೆಜ್ಜೆ ಕಟ್ಟಿದವರಿಗೂ ಕಷ್ಟ. ಆದರೆ ಮಂಥರೆ ಅಂದರೆ ಮಾತು. ಕೈಕೇಯಿಯ ಕಿವಿಗೆ ವಿಷ ಹಾಕುವವಳು. ಮಾತಿಗೆ ಬಂದಾಗ ನಮ್ಮೂರ ವಿಮರ್ಶಕರು ಕವಳ ಅಗಿಯುವುದು ನಿಲ್ಲಿಸಿದ್ದರು.

'ಶರ್ಮಿಷ್ಠೆ' ಎಂಬ ಏಕವ್ಯಕ್ತಿ ನಾಟಕವನ್ನೂ ಅವರು ಮಾಡಿದ್ದಾರೆ. ಬರೆದವರು ಬೇಲೂರು ರಘುನಂದನ್, ನಿರ್ದೇಶನ ಚಿದಂಬರರಾವ್ ಜಂಬೆ. ಇಡೀ ರಂಗದ ಮೇಲೆ ಒಬ್ಬರೇ. ಎಲ್ಲಾದರೂ ಪ್ರದರ್ಶನ ಇದೆ ಅಂತ ಕಂಡರೆ ರಾತ್ರಿ ಪಾಳಿಗೆ ರಜೆ ಹಾಕಿ ಹೋಗಿ.

ಪರದೆ ಹಗ್ಗ

ಇದು ಸರಿ. ಅವರನ್ನು ತೆರೆಯ ಮೇಲೆ ಮಾತ್ರ ನೋಡಿದರೆ ಕಾಲು ಭಾಗ ನೋಡಿದ ಹಾಗೆ. ಕ್ಯಾಮೆರಾ ಮುಖವನ್ನೇ ತೋರಿಸುತ್ತದೆ, ಅವರು ಪಾದದಿಂದ ಶುರು ಮಾಡುವವರು. ನಾಟಕಕ್ಕೆ ಹೋದರೆ ಮೊದಲ ಹತ್ತು ನಿಮಿಷ ಮುಖ ಬಿಟ್ಟು ಕಾಲು ನೋಡಿ.

ರಾತ್ರಿಪಾಳಿ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟೊಂದು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ವಾರದ ರಜೆ ಇತ್ತು, 'ಗುಲಾಬಿ ಟಾಕೀಸು' ನೋಡಿದೆ. ಅಜ್ಜಿ ಜೊತೆ. ಅಜ್ಜಿಗೆ ಕುಂದಾಪುರದ ಮಾತು ಅರ್ಧ ಅರ್ಥ ಆಗಲಿಲ್ಲ, "ಏನಂದ್ಲು, ಏನಂದ್ಲು" ಅಂತ ಕೇಳುತ್ತಿದ್ದರು, ನನಗೂ ಅರ್ಥ ಆಗಿರಲಿಲ್ಲ, ಹಾಗೇ ಏನೋ ಹೇಳುತ್ತಿದ್ದೆ. ಆಮೇಲೆ ಕೇಳುವುದನ್ನು ನಿಲ್ಲಿಸಿದರು.

ಹೊಸ್ತಿಲಾಚೆ ನಿಂತು ಟಿವಿ ನೋಡುವ ಹೆಂಗಸರು ಬಂದಾಗ ಅಜ್ಜಿ ಒಂದು ವಿಷಯ ಹೇಳಿದರು. ಅವರ ಊರಿನಲ್ಲೂ ಮೊದಲು ಟಿವಿ ಬಂದದ್ದು ಒಂದೇ ಮನೆಗಂತೆ. ಭಾನುವಾರ ಸಂಜೆ ಸಿನಿಮಾ ನೋಡಲು ಇಡೀ ಬೀದಿ ಅಲ್ಲಿ. ಅಜ್ಜಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರಂತೆ, ನಮ್ಮಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡು. "ಒಳಗೆ ಯಾಕೆ ಹೋಗಲಿಲ್ಲ" ಅಂದೆ. "ಕರೀಲಿಲ್ಲ" ಅಂದರು. ಇಷ್ಟು ವರ್ಷ ಈ ಮಾತು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮಾವನಿಗೆ ಈ ಥ್ರೆಡ್ ಕಳಿಸಿದ್ದೆ. ಎರಡು ದಿನ ಉತ್ತರವೇ ಇಲ್ಲ. ಇವತ್ತು ಬೆಳಗ್ಗೆ ಒಂದೇ ಸಾಲು ಬಂದಿದೆ: "ಶಿಳ್ಳೆ ಹೊಡೆದದ್ದು ನಿಜ. ಭಾನುವಾರ ಬರ್ತೀನಿ, ಪುಟ್ನಂಜ ಹಾಕು, ನಿಮ್ಮಜ್ಜಿಗೆ ಹೇಳಿ ಅವಲಕ್ಕಿ ಮಾಡಿಸಿರು."